ಒಂದು ಹೆಚ್ಚು

ರವಿವಾರ ದೆವ್ವದ ಪಿಚ್ಚರ್ ನೋಡಿ ಬಂದ ನಾವು
ಸೋಮವಾರ ಕುಂಭಾರಿಯ ಕಟ್ಟಿ ಮ್ಯಾಲ
ಮರ ತೊಡಿಗಿಟ್ಟುಕೊಂಡು ಕುಂತೀವಿ.
ಎಲಿ ನೆನದಾವ, ತಂಬಾಕ ತೂಗಿ ಆಗ್ಯದ,
ಬೆರಳು ತಮ್ಮ ಪಾಡಿಗೆ ತಾವು ಸುರುಳಿ ಸುತ್ತತಾವ.
ದೆವ್ವ ಹಿಡದದ್ದು ಬರೇ ಬಾಯಿಗೆ.

"ಆಕಿ ಕೂದಲಾ ನೋಡಿದ್ರಿಲ್ಲೊ?" ಅಂತಾಳ ಮಹಾನಂದಾ.
"ನಲವತ್ತು ವರ್ಷ ಬಾವ್ಯಾಗ ಬಿದ್ದಾಕಿ,
ಒಂದು ಹೇನಿಲ್ಲ, ಒಂದು ಸಿಕ್ಕಿಲ್ಲ!
ನಮಗ ಐದು ದಿನಕ್ಕೊಮ್ಮೆ ನಳ.
ದೆವ್ವದ ಬಾಳೇವೇ ಬರೋಬರಿ ಅದ ನೋಡವ್ವಾ."

ಶಮೀಮ ಪಿಚ್ಚರ್ ನೋಡೇ ಇಲ್ಲ, ಬರೇ ಕೇಳ್ಯಾಳ.
ಮೂರು ತಾಸು ಕಣ್ಣಿನ ಮ್ಯಾಲ ಓಢಣಿ.
ಮುಚ್ಚಿದ ಕಣ್ಣಾಗ ಆಕಿಗಿ ಕಂಡ ದೆವ್ವಕ್ಕ
ನಾಕು ಕೈ ಇದ್ದುವಂತ, ಬಾಗಲಿಗೆ ಹಲ್ಲಿದ್ದುವಂತ.
ನಾವು ರೊಕ್ಕ ಕೊಟ್ಟು ನೋಡಿದ್ದಕ್ಕ
ಎರಡೇ ಕೈ.

ಪಿಚ್ಚರ್ ಹಿಂದಿದು.
ನರಸವ್ವ ಚೀರಿದ್ದು ತೆಲುಗಿನಾಗ,
ಹಿಂದಿನ ಸಾಲಿನಾಂವ ಬೈದದ್ದು ಮರಾಠಿ,
ನಕ್ಕು ನಕ್ಕು ಉಚ್ಚಿ ತಡಕೊಂಡ ನಾನು
ಅಪ್ಪಟ ಕನ್ನಡದಾಕಿ.

ಮಧ್ಯಾನ ರೊಟ್ಟಿ ತಿಂದು ಕೈ ತೊಳದ ಮ್ಯಾಲ
ರೇಣುಕಾ ಮೊಬೈಲ್ ತಂದು
ತಂಬಾಕದ ಡಬ್ಬಿಗೆ ಆನಿಸಿ ನಿಲ್ಲಸ್ತಾಳ.
ಸೀರೀಜು. ಆರನೇ ಭಾಗ.
ನೀಲಿ ಅಂಗಿ ಹುಡುಗ, ಅಂಗೈ ಎತ್ತಿದ ಅಂದ್ರ
ಕಾಲ ನಿಂತು ಬಿಡ್ತದ: ಗುಂಡು ಗಾಳ್ಯಾಗ,
ಬೀಳೂ ಕಟ್ಟಡ ಅರ್ಧಕ್ಕ,
ಹಕ್ಕಿ ರೆಕ್ಕಿ ತೆರೆದದ್ದು ತೆರೆದಂಗೇ.

"ಇಂಥಾಂವ ಊರು ಉಳಿಸ್ಲಿಕ್ಕೆ ಯಾಕ ಹೋಗಬೇಕು?
ನಳ ಬಂದಾಗ ಒಂದು ತಾಸು ನಿಲ್ಲಿಸಲಿ ಸಾಕು."
"ಹುಚ್ಚಿ, ಕಾಲ ನಿಂತ್ರ ನೀರೂ ನಿಲ್ತದ."
"ನಿಂತ ನೀರು ಮುರದು ಮುರದು ಕೊಡಕ್ಕ ಹಾಕೂದು!"
"ಮತ್ತ ಆ ಅಂಗಿ ತೊಳಿಯೂದು ಯಾರು?
ಐದು ಭಾಗ ನೋಡೀನಿ, ಅಂವಗ ಅವ್ವ ಇಲ್ಲ,
ಹೆಂಡ್ತಿ ಇಲ್ಲ, ಕಲಿ ಮಾತ್ರ ಒಂದೂ ಇಲ್ಲ."

ಖಳನಾಯಕ ಸೇತುವಿ ಮ್ಯಾಲ ಬಂದ.
ಹುಡುಗ ಅಂಗೈ ಎತ್ತಿದ.
ನೆಟ್ಟು ಮುಗೀತು.
ನಡುವ ಒಂದು ಚಕ್ಕರ ಗರಗರ ತಿರಗತದ,
ಅಂವ ಕೈ ಎತ್ತಿಕೊಂಡು ನಿಂತಾನ.

ಅಷ್ಟೊತ್ತನ ಸುಮ್ಮ ಇದ್ದ ಭೌರವ್ವ
ದಾರ ಹಲ್ಲಿಲೆ ಕಡದು ಕೇಳಿದಳು:
"ನಿನ್ನಿ ಪಿಚ್ಚರದಾಗ, ಕಂದೀಲ ಹಿಡಕೊಂಡು
ಆ ತಾಯಿ ಮಲಗಿದ ಹುಡುಗರನ್ನ ಎಣಸ್ತಾಳಲ್ಲ,
ಹಡದದ್ದು ಆರು, ಚಾದರದಾಗ ಏಳು ತಲಿ.
ಅಲ್ಲಿ ಯಾಕ ಹಂಗ ಚೀರಿದ್ರಿ ಎಲ್ಲಾರೂ?"

"ಏಳನೇದು ದೆವ್ವ, ಆಯೀ!"

"ಇದ್ದೀತು.
ಒಂದು ಹೆಚ್ಚು ಬಂದದ. ಅಂಜೂದೇನು ಅದರಾಗ?
ಚಾದರ ಜಗ್ಗಿ ಹೊಚ್ಚಬೇಕು. ನಮ್ಮ ಸೊಲ್ಲಾಪುರದ್ದು
ಅಗಲ ಇರ್ತಾವ, ಸಾಲತಾವ.
ಮುಂಜಾನೆ ರೊಟ್ಟಿ ಒಂದು ಹೆಚ್ಚು ಬಡದ್ರಾತು.
ಒಂದು ಕಡಿಮಿ ಬಿದ್ದ ರಾತ್ರಿ
ನಿಮಗ್ಯಾರಿಗೂ ಗೊತ್ತಿಲ್ಲ."

ನಕ್ಕವರು ನಾವು, ನಗು ನುಂಗಿದಿವಿ.
ಶಮೀಮ ಸುಮ್ಮನ ಎಲಿ ಕತ್ತರಿಸಿದಳು.
ಮಹಾನಂದಾಗ ಒಮ್ಮಿಗೇ ತಂಬಾಕದ ಘಾಟು ಹತ್ತಿ
ಕಣ್ಣಾಗ ನೀರು.

ನಾಕಕ್ಕ ಚೆಕ್ಕರ್ ಬಂದ.
ನನ್ನವು ಎಪ್ಪತ್ತು ಬೀಡಿ ಸಡಿಲು ಅಂತ ಒಗದ.
ಭೌರವ್ವನ ಕಟ್ಟು ಬಿಚ್ಚಿ ಎಣಿಸಿದ, ಮತ್ತೊಮ್ಮಿ ಎಣಿಸಿದ.
ಇಪ್ಪತ್ತೈದರ ಜಾಗಾದಾಗ ಇಪ್ಪತ್ತಾರು.
ಮೂವತ್ತೆಂಟು ವರ್ಷ ತಪ್ಪದ ಹೆಬ್ಬೆರಳು.

"ಏನ್ ಆಯೀ, ಕಣ್ಣು ಹೋದುವೇನು?" ಅಂದು
ಹೆಚ್ಚಿಂದು ಜಗ್ಗಿ ಕಿವಿಗೆ ಸಿಗಿಸಿಕೊಂಡು
ಸೈಕಲ್ ಮೋಟಾರ್ ಒದ್ದ.

ಧೂಳು ಇಳಿಯೂತನ ನಾವು ಯಾರೂ ಮಾತಾಡಲಿಲ್ಲ.
ಮರ ಝಾಡಿಸಿ ಎದ್ದ ಭೌರವ್ವ
ಸೊಂಟ ಹಿಡಕೊಂಡು ರೇಣುಕಾನ ಕಡೆ ಬಾಗಿದಳು:

"ಆ ಹುಡುಗ ಕೈ ಇಳಿಸ್ಯಾನೇನು ನೋಡವ್ವಾ,
ಪಾಪ, ಅವಾಗಿಂದ ನಿಂತಾನ."